ತಪ್ಪಿಲ್ಲದ ಆಟ

ಸೇತುವೆ ದಾಟುವ ಹಂತದಲ್ಲಿ ಏಕನಾಥ ಕಬ್ಬೂರ ಮತ್ತೊಮ್ಮೆ ನೀರಿಗೆ ಬಿದ್ದರು. "ಇದೇನ್ ಇಷ್ಟ್ ಬಿಗಿ ಇಟ್ಟಾರಪ್ಪಾ!" ಎಂದು ಗೊಣಗುವಷ್ಟರಲ್ಲೇ ಪರದೆಯ ಮೇಲಿನ ಹಗ್ಗದ ಸೇತುವೆ ಒಂದಿಷ್ಟು ಅಗಲವಾಯಿತು, ಗಾಳಿ ತಗ್ಗಿತು. ಈ ಸಲ ಅವರು ಸರಾಗವಾಗಿ ದಾಟಿದರು.

ಅವರ ಹಣೆಯ ಮೇಲಿದ್ದ ತೆಳ್ಳನೆಯ ಪಟ್ಟಿಯ ಹೆಸರು ಹದಗಾರ. ಬೇಸರವಾದಾಗ, ಸಿಟ್ಟು ಬಂದಾಗ ಮಿದುಳಿನೊಳಗಿನ ಸಣ್ಣ ವಿದ್ಯುತ್ ಹರಿವಿನಲ್ಲಿ ಏರಿಳಿತವಾಗುತ್ತದೆ. ಹದಗಾರ ಅದನ್ನು ಓದಿ, ಆಡುವವರಿಗೆ ಹಿಡಿಸದ ಭಾಗವನ್ನು ಆಗಲೇ ತಿದ್ದಿಬಿಡುತ್ತಿತ್ತು. ಅದನ್ನು ಕಂಡುಹಿಡಿದವರು ಧಾರವಾಡದವರೇ ಆದ ಡಾ. ಶಾಲ್ಮಲಾ ಹೊಂಗಲ. ಈ ಶತಮಾನದ ಅರ್ಧ ಕಳೆಯುವ ಹೊತ್ತಿಗೆ ಹದಗಾರವಿಲ್ಲದ ವಿಡಿಯೊ ಗೇಮೇ ಇರಲಿಲ್ಲ. ಕತೆ ಗಟ್ಟಿ, ಕ್ಯಾಮೆರಾ ಕೆಟ್ಟದು ಎಂದು ಪುಟಗಟ್ಟಲೆ ಬರೆಯುತ್ತಿದ್ದ ವಿಮರ್ಶಕರು ಬೇರೆ ಕೆಲಸ ಹುಡುಕಿಕೊಂಡರು.

ಏಕನಾಥರು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಮಗಳು ಮೇದಿನಿ ಬೆಳಗಾವಿಯಲ್ಲಿ ಪಶುವೈದ್ಯೆ. ಅವಳು ಚಿಕ್ಕವಳಿದ್ದಾಗಿನಿಂದ ಇಬ್ಬರೂ ಆಡುತ್ತ ಬಂದದ್ದು 'ದೋಣಿಗಾರ' ಎಂಬ ಆಟ. ನೆರೆ ಬಂದ ನದಿಯಲ್ಲಿ ಊರವರನ್ನು ದಾಟಿಸುವ ಅಂಬಿಗನ ಕತೆ. ನಡುಹೊಳೆಯಲ್ಲಿ ಅವನ ಹೆಂಡತಿ ನೀಲವ್ವ ಕೊಚ್ಚಿಹೋಗುತ್ತಾಳೆ. ಅದೇ ಆಟದ ಶಕ್ತಿ ಎಂದು ಅಪ್ಪ, ಅದೇ ದೊಡ್ಡ ಕುಂದು ಎಂದು ಮಗಳು. ಮೇದಿನಿಯ ತಾಯಿ ಇಂದುಮತಿ ತೀರಿಕೊಂಡ ಮೇಲೆ ಅವರಿಬ್ಬರ ನಡುವೆ ಉಳಿದ ಮಾತೆಂದರೆ ಈ ಜಗಳವೊಂದೇ. ಫೋನಿನಲ್ಲಿ ಊಟವಾಯಿತೇ ಎಂದು ಕೇಳಿದ ಮೇಲೆ ಅದೇ ಶುರುವಾಗುತ್ತಿತ್ತು.

ಹದಗಾರ ಬಂದ ಮೇಲೆ ಒಂದು ದಿನ ಏಕನಾಥರು ಎಂದಿನಂತೆ ನೀಲವ್ವನ ಮಾತೆತ್ತಿದರು.

"ನನ್ನ ಆಟದಾಗ ಅಕಿ ಸಾಯೂದ ಇಲ್ಲಪ್ಪಾ," ಎಂದಳು ಮೇದಿನಿ. "ಆಚಿ ದಂಡಿಗೆ ಅಂಗಡಿ ಇಟ್ಟಾಳ."

"ಛಲೋ ಆತು ಬಿಡು," ಎಂದರು ಅವರು. ಜಗಳಕ್ಕೆ ವಿಷಯವೇ ಉಳಿಯದೆ ಇಬ್ಬರೂ ಫೋನಿಟ್ಟರು. ವಾರಕ್ಕೊಮ್ಮೆ ಬರುತ್ತಿದ್ದ ಫೋನು ತಿಂಗಳಿಗೊಮ್ಮೆ ಬರತೊಡಗಿತು.

ಕೊನೆಗೆ ಏಕನಾಥರು ಡಾ. ಶಾಲ್ಮಲಾರ ಪ್ರಯೋಗಾಲಯಕ್ಕೇ ಹೋದರು.

"ಏನ್ ದೂರು ಐತ್ರಿ?" ಎಂದು ಆಕೆ ಕೇಳಿದರು. "ಈ ಯಂತ್ರದ ಮ್ಯಾಲ ಇನ್ನೂ ತನಕ ಒಬ್ಬರೂ ದೂರು ಕೊಟ್ಟಿಲ್ಲ."

"ದೂರಾಕ ಏನೂ ಉಳಿದಿಲ್ಲ ಅನ್ನೂದ ನನ್ನ ದೂರ್ರಿ," ಎಂದು ಏಕನಾಥರು ಎಲ್ಲವನ್ನೂ ಹೇಳಿದರು.

ಶಾಲ್ಮಲಾ ನಗಲಿಲ್ಲ. "ಬ್ಯಾಸರ ಕಳೀಬೇಕು ಅಂತಷ್ಟ ವಿಚಾರ ಮಾಡಿದ್ದೆ ನೋಡ್ರಿ," ಎಂದರು.

ಕೆಲವು ತಿಂಗಳಲ್ಲಿ ಅವರು ಜೋಡಿ ಹದಗಾರ ತಯಾರಿಸಿದರು. ಇಬ್ಬರ ಹಣೆಪಟ್ಟಿಗಳು ಒಂದಕ್ಕೊಂದು ಬೆಸೆದಿರುತ್ತವೆ; ಬೇಸರವಾದವರ ಪಟ್ಟಿ ಕೆಂಪಾಗುತ್ತದೆ. ಆಟ ಮೂಲರೂಪದಲ್ಲೇ ಶುರುವಾಗುತ್ತದೆ. ಒಂದೇ ಜಾಗದಲ್ಲಿ ಇಬ್ಬರಿಗೂ ಬೇಸರವಾದರೆ ಮಾತ್ರ ಅದು ಬದಲಾಗುತ್ತದೆ.

ಮೊದಲ ಜೋಡಿಯನ್ನು ಏಕನಾಥರಿಗೇ ಕೊಟ್ಟರು. ಒಂದು ಭಾನುವಾರ ಮಧ್ಯಾಹ್ನ ಮೇದಿನಿ ಬಂದಳು. ದಂಡೆಯ ಮೇಲಿನ ವ್ಯಾಪಾರಿಯ ಉದ್ದುದ್ದ ಮಾತಿಗೆ ಇಬ್ಬರೂ ಆಕಳಿಸಿದರು. ಅವನು ಥಟ್ಟನೆ ಬಾಯಿ ಮುಚ್ಚಿದ. ಇಬ್ಬರೂ ನಕ್ಕರು. ಆಮೇಲೆ ನಡುಹೊಳೆ ಬಂತು, ನೀಲವ್ವ ನೀರಿಗೆ ಬಿದ್ದಳು. ಮೇದಿನಿಯ ಪಟ್ಟಿ ಕೆಂಪಾಯಿತು. ಅಪ್ಪನದು ಆಗಲಿಲ್ಲ. ಆಟ ಬದಲಾಗಲಿಲ್ಲ.

"ಎಷ್ಟ್ ಹುಟ್ಟು ಹಾಕಿದ್ರೂ ಅಕಿ ಉಳಿಯೂದಿಲ್ಲ. ಆಡೋರ ಕೈಯಾಗ ಏನೂ ಇಲ್ಲಂದ್ರ ಅದೆಂಥ ಆಟ?" ಎಂದು ಮೇದಿನಿ ರೇಗಿದಳು.

"ಇಲ್ಲಿಗೆ ನಿಲ್ಲಿಸಬ್ಯಾಡ. ಒಂದ್ ಹಂತ ಮುಂದ ಆಡಿ ನೋಡು."

ನೀಲವ್ವ ಸತ್ತ ಮೇಲೆ ಅವಳು ಹಿಂದೆಂದೂ ಆಟ ಮುಂದುವರಿಸಿರಲಿಲ್ಲ, ಪ್ರತಿಸಲ ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು. ಒಲ್ಲದ ಮನಸ್ಸಿನಿಂದ ಹುಟ್ಟು ಹಾಕಿದಳು. ದೋಣಿ ಸರ್‍ರನೆ ಮುಂದೆ ಹೋಯಿತು. ಅದರಲ್ಲಿ ಒಬ್ಬರ ಭಾರ ಕಡಿಮೆಯಾಗಿತ್ತು. ಅಷ್ಟು ಹಗುರವಾಗಿ ದೋಣಿ ಅಲ್ಲಿಯತನಕ ಚಲಿಸಿರಲೇ ಇಲ್ಲ.

ಮೇದಿನಿ ಕೈಯಲ್ಲಿದ್ದ ನಿಯಂತ್ರಕವನ್ನು ಕೆಳಗಿಟ್ಟಳು. "ಅವ್ವ ಹೋದ ಮ್ಯಾಲ ನಿಂಗೂ ಹಿಂಗ ಆಗಿತ್ತೇನಪ್ಪಾ?"

ಏಕನಾಥರು ಹೇಳಿದರು: "ಹೂಂ. ಸ್ಕೂಟರ್ ಮ್ಯಾಲ ನನ್ನ ಹಿಂದ ಯಾರೂ ಇದ್ದಿದ್ದಿಲ್ಲ. ಗುಡ್ಡದ ಚಡಾವದಾಗ ಭರ್ರಂತ ಏರಿಬಿಡ್ತು. ರಸ್ತಾ ದಂಡಿಗೆ ನಿಲ್ಲಿಸಿ ಅತ್ತೆ."

ಆ ಮಾತನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವತ್ತು ಸಂಜೆಯವರೆಗೆ ಅಪ್ಪ ಮಗಳು ಇಂದುಮತಿಯ ಬಗ್ಗೆಯೇ ಮಾತಾಡಿದರು. ಹೊರಡುವಾಗ ಮೇದಿನಿ, "ಆದ್ರೂ ಅದು ಕುಂದ. ನಾ ಒಪ್ಪೂದಿಲ್ಲ," ಎಂದಳು. "ಬರೂ ಐತವಾರ ಬಾ, ಒಪ್ಪಿಸ್ತೀನಿ," ಎಂದರು ಏಕನಾಥರು.

ಜೋಡಿ ಹದಗಾರ ಬೇಗನೆ ಊರೂರಿಗೆ ಹಬ್ಬಿತು. ಆಮೇಲೆ ಶಾಲ್ಮಲಾರಿಗೆ ದೂರುಗಳಿಗೇನೂ ಬರವಿರಲಿಲ್ಲ: ಜನ ಆಡುವುದಕ್ಕಿಂತ ಹೆಚ್ಚು ಹೊತ್ತು ವಾದ ಮಾಡುತ್ತಾರಂತೆ, ಆಟಗಳು ಮುಗಿಯುವುದೇ ಇಲ್ಲವಂತೆ. ಆಕೆ ಎಲ್ಲವನ್ನೂ ಸಂತೋಷದಿಂದ ಓದುತ್ತಿದ್ದರು, ಯಾವುದನ್ನೂ ಸರಿಪಡಿಸುತ್ತಿರಲಿಲ್ಲ. ಇಬ್ಬರನ್ನು ಒಂದೇ ಆಟದ ಮುಂದೆ ಕೂರಿಸಿ ಅದರ ಒಪ್ಪುತಪ್ಪುಗಳ ಬಗ್ಗೆ ಜಗಳವಾಡಿಸಲು ಆ ಕಾಲದವರಿಗೆ ಒಂದು ಯಂತ್ರವೇ ಬೇಕಾಯಿತು. ಇಂದಿನ ನಮಗೆ ಅಂಥ ಯಂತ್ರ ಇನ್ನೂ ಬೇಕಾಗಿಲ್ಲ.