ಚಿತ್ರದ ಹಿಂದೆ ಬರೆದ ಸೇಡು

"ಇದನ್ನ ಮಾಡಿದವರು ಕಣ್ಣು ಮುಚ್ಚಿಕೊಂಡೇ ಮಾಡಿರಬೇಕು."

ಸಭಾಂಗಣದಲ್ಲಿ ಕಂಪ್ಯೂಟರ್ ಬಗ್ಗೆ ಭಾಷಣ ಕೇಳಲು ಸೇರಿದ್ದ ಇನ್ನೂರು ಜನ ಗೊಳ್ಳೆಂದು ನಕ್ಕರು.

ಮೂರನೇ ಸಾಲಿನಲ್ಲಿ ಕೂತಿದ್ದ ಅವಳ ಮೈ ಬೆಂಕಿಯಾಯಿತು. ವೇದಿಕೆಯ ದೊಡ್ಡ ಪರದೆಯ ಮೇಲಿದ್ದದ್ದು ಕಣ್ಣಿನ ಆಸ್ಪತ್ರೆಯೊಂದರ ವೆಬ್‌ಸೈಟ್. ಎರಡು ತಿಂಗಳು ಬೆನ್ನು ಬಗ್ಗಿಸಿ ಅವಳು ಕಟ್ಟಿದ ವೆಬ್‌ಸೈಟ್!

ಮೈಕ್ ಹಿಡಿದು ನಿಂತವನನ್ನು ಊರೆಲ್ಲ ಕಂಪ್ಯೂಟರ್ ಡಾಕ್ಟರ್ ಎನ್ನುತ್ತಿತ್ತು. ಮನೆಮನೆಯ ಕಂಪ್ಯೂಟರ್ ರಿಪೇರಿ ಮಾಡುವವನು, ಪತ್ರಿಕೆಯಲ್ಲಿ ವಾರವಾರ ಸಲಹೆ ಬರೆಯುವವನು.

"ನೋಡಿ, ವೈದ್ಯರು ಸಿಗುವ ಸಮಯವನ್ನ ಚಿತ್ರದೊಳಗೆ ಬರೆದಿದ್ದಾರೆ. ಒಂದು ಚಿತ್ರಕ್ಕೂ ವಿವರಣೆ ಕೊಟ್ಟಿಲ್ಲ. ಇಂಥವರ ಕೈಗೆ ಕೆಲಸ ಕೊಡಬೇಡಿ."

ಅವಳು ಎದ್ದು ಹೊರನಡೆದಳು. ಜೊತೆಗೆ ಬಂದಿದ್ದ ಅತ್ತಿಗೆ ಚೀಲ ಹಿಡಿದುಕೊಂಡು ಹಿಂದೆಯೇ ಓಡಿಬಂದಳು.

"ಹೋಗ್ಲಿ ಬಿಡೇ. ಯಾರೋ ಏನೋ ಅಂದ್ರೆ ನಿನಗೇನು?"

"ಬಿಡಲ್ಲ ಅತ್ತಿಗೆ. ಇವನನ್ನ ಮಾತ್ರ ಬಿಡಲ್ಲ."

ವಾರದೊಳಗೆ ಆಸ್ಪತ್ರೆಯವರು ಕೆಲಸ ಬೇರೆಯವರಿಗೆ ಒಪ್ಪಿಸಿದರು. ತಿಂಗಳೊಳಗೆ ಇನ್ನಿಬ್ಬರು ಗಿರಾಕಿಗಳು ನೆಪ ಹೇಳಿ ಜಾರಿಕೊಂಡರು. ಮೂರು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಒಂದೇ ನಗುವಿಗೆ ಮಣ್ಣುಪಾಲಾಗಿತ್ತು. ಅವನ ಹೆಸರನ್ನೂ ಹೀಗೇ, ಅದೇ ಜನರ ಮುಂದೆ ಮಣ್ಣುಪಾಲು ಮಾಡುವವರೆಗೆ ತನಗೆ ನೆಮ್ಮದಿಯಿಲ್ಲ ಎಂದು ಅವಳು ಹಲ್ಲು ಕಚ್ಚಿಕೊಂಡಳು.

ನಾಲ್ಕು ತಿಂಗಳ ಮೇಲೆ ಒಂದು ಸಂಜೆ ಬಾಗಿಲು ತೆರೆದರೆ... ಅವನೇ!

"ನನ್ನ ಸಲಹೆಗಳನ್ನೆಲ್ಲ ಒಂದು ವೆಬ್‌ಸೈಟಲ್ಲಿ ಸೇರಿಸಬೇಕು. ನೀವು ಮಾಡಿಕೊಡ್ತೀರಾ?" ಎಂದ, ನೆಲ ನೋಡುತ್ತ.

'ನಾನ್ಯಾರು ಅಂತಲೇ ಗೊತ್ತಿಲ್ಲ ಇವನಿಗೆ. ಉರಿಸಿದವನಿಗೆ ಉರಿದವರ ನೆನಪಾದರೂ ಎಲ್ಲಿರುತ್ತೆ?'

"ಮಾಡ್ತೀನಿ, ಬನ್ನಿ ಒಳಗೆ," ಎಂದಳು ಸಿಹಿಯಾಗಿ.

ಅವನದು ಒಂದೇ ಷರತ್ತು. ಪ್ರತಿ ಚಿತ್ರದ ಹಿಂದೆ ವಿವರಣೆ ಇರಲೇಬೇಕು. ಪರದೆಯ ಮೇಲೆ ಕಾಣದಿದ್ದರೂ ಕಣ್ಣು ಕಾಣದವರಿಗೆ ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳುವ ಸಾಲು ಅದು. ಇಷ್ಟು ವರ್ಷದಲ್ಲಿ ಅವಳು ಅದನ್ನು ಒಮ್ಮೆಯೂ ತುಂಬಿಸಿರಲಿಲ್ಲ. ಯಾರು ಓದುತ್ತಾರೆ ಎಂಬ ಉದಾಸೀನ.

"ನನ್ನ ಫೋಟೋಗಳಿಗೆ ನೀವೇ ಬರೆದುಬಿಡಿ. ನನ್ನ ಬಗ್ಗೆ ನಾನೇ ಬರೆಯೋಕೆ ಸಂಕೋಚ."

'ವಿವರಣೆ ತಾನೇ? ಕೊಡ್ತೀನಿ. ಜನ್ಮದಲ್ಲಿ ಮರೆಯಬಾರದು, ಹಾಗೆ ಕೊಡ್ತೀನಿ.'

ಅಂದೇ ಮೊದಲ ಚಿತ್ರದ ಹಿಂದೆ ಬರೆದಳು. ಹಳೆಯ ಕಂಪ್ಯೂಟರಿನ ಧೂಳು ಒರೆಸುತ್ತಿರುವ ಮನುಷ್ಯ. ಇವನ ತಲೆಯೊಳಗಿನ ಧೂಳು ಒರೆಸುವವರು ಇನ್ನೂ ಹುಟ್ಟಿಲ್ಲ.

ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂತು.

ವೆಬ್‌ಸೈಟಿನ ಬಿಡುಗಡೆ ಅದೇ ಸಭಾಂಗಣದಲ್ಲಿ, ಅದೇ ಜನರೆದುರು ಎಂದು ಅವನೇ ಹೇಳಿದ್ದ. ಆ ದಿನ ಎದ್ದು ನಿಂತು "ಚಿತ್ರಗಳ ವಿವರಣೆ ಓದಿಸಿ ನೋಡೋಣ" ಎಂದರೆ ಮುಗಿಯಿತು. ಊರಿಗೆಲ್ಲ ಬುದ್ಧಿ ಹೇಳುವವನು ತನ್ನ ಪುಟವನ್ನೇ ಓದಿ ನೋಡಿರಲಿಲ್ಲ ಎಂದು ಜನ ಬಿದ್ದು ಬಿದ್ದು ನಗುತ್ತಾರೆ.

ದಿನಾ ನಾಲ್ಕು ಗಂಟೆಗೆ ಅವನು ಎರಡೋ ಮೂರೋ ಫೋಟೋ ಹಿಡಿದು ಬರುತ್ತಿದ್ದ. ಅವಳು ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಚೆನ್ನಾಗಿ ಚುಚ್ಚಬೇಕಾದರೆ ಚೆನ್ನಾಗಿ ನೋಡಬೇಕಲ್ಲ!

ಒಂದು ದಿನ ಅವನಿಗೆ ಫೋನ್ ಬಂತು. ಆ ಕಡೆ ಯಾವುದೋ ಅಜ್ಜಿಯ ಅಳು. ಬಹುಮಾನ ಬಂದಿದೆಯೆಂಬ ಸಂದೇಶ ಒತ್ತಿದ್ದರಂತೆ, ಪರದೆ ತುಂಬ ಕೆಂಪು ಅಕ್ಷರ.

"ಅಳಬೇಡಿ ಅಜ್ಜಿ. ಮೊದಲು ಇಂಟರ್ನೆಟ್ ವೈರ್ ಕಿತ್ತುಬಿಡಿ. ಕಿತ್ರಾ? ಪಾಸ್‌ವರ್ಡ್ ಏನಾದ್ರೂ ಕೊಟ್ರಾ? ಇಲ್ಲ ತಾನೇ... ಹಾಗಾದ್ರೆ ಹೆದರಬೇಡಿ. ಬೇರೇನೂ ಮುಟ್ಟಬೇಡಿ, ಸಂಜೆ ನಾನೇ ಬರ್ತೀನಿ."

ಅವನ ದನಿಯಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಅವಳ ಎದೆಯಲ್ಲಿ ಏನೋ ಸಡಿಲವಾಯಿತು.

ಅವನು ಹೋದ ಮೇಲೆ ಬರೆದದ್ದನ್ನೆಲ್ಲ ಅಳಿಸಲು ಕೈ ಹಾಕಿದಳು. ಅಷ್ಟರಲ್ಲಿ ಆ ಇನ್ನೂರು ಜನರ ನಗು ಕಿವಿಯಲ್ಲಿ ಮೊಳಗಿತು. ಕೈ ಹಿಂದೆ ಬಂತು.

ಅತ್ತಿಗೆಗೆ ಎಲ್ಲ ಗೊತ್ತಿತ್ತು. "ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ ಕಣೇ," ಎಂದಳು. "ಅದೂ ಅಲ್ದೆ, ನಾಲ್ಕು ಗಂಟೆ ಆಗ್ತಿದ್ದ ಹಾಗೆ ತಲೆ ಬಾಚಿಕೊಳ್ಳೋದು ಯಾವ ಸೇಡಿಗೆ?"

"ಅತ್ತಿಗೆ, ನಿಮ್ಮ ಕೆಲಸ ನೋಡ್ಕೊಳ್ಳಿ."

ಬಿಡುಗಡೆಯ ಹಿಂದಿನ ದಿನ ಅವನು, "ಎಲ್ಲರಿಗಿಂತ ಮೊದಲು ನಮ್ಮಮ್ಮ ನೋಡಬೇಕು," ಎಂದು ಅವಳನ್ನು ಮನೆಗೆ ಕರೆದ.

ಕಿಟಕಿಯ ಪಕ್ಕ, ಕಂಪ್ಯೂಟರಿನ ಮುಂದೆ ಅವನ ತಾಯಿ ಕೂತಿದ್ದರು. ಹೆಜ್ಜೆ ಸಪ್ಪಳಕ್ಕೆ ಮುಖ ತಿರುಗಿಸಿದರು, ಆದರೆ ನೋಟ ಬಾಗಿಲಿನ ಪಕ್ಕದ ಗೋಡೆಯ ಮೇಲೆ ನಿಂತಿತು.

"ಅಮ್ಮನಿಗೆ ಕಣ್ಣು ಹೋಗಿ ಆರು ವರ್ಷ," ಎಂದ ಅವನು ಮೆಲ್ಲಗೆ.

ಅವಳು ಕಂಪ್ಯೂಟರಿನತ್ತ ಧಾವಿಸಿದಳು. ತಾಯಿಯ ಬೆರಳು ಆಗಲೇ ಕೀಲಿಯನ್ನು ಒತ್ತಿತ್ತು.

"ತಡೀರಿ..." ಎನ್ನುವಷ್ಟರಲ್ಲಿ ಕಂಪ್ಯೂಟರ್ ಗಟ್ಟಿಯಾಗಿ ಓದತೊಡಗಿತು.

"ಚಿತ್ರ. ಹಳೆಯ ಕಂಪ್ಯೂಟರಿನ ಧೂಳು ಒರೆಸುತ್ತಿರುವ ಮನುಷ್ಯ. ಇವನ ತಲೆಯೊಳಗಿನ ಧೂಳು ಒರೆಸುವವರು ಇನ್ನೂ ಹುಟ್ಟಿಲ್ಲ."

ಅವನು ಗರಬಡಿದವನಂತೆ ನಿಂತ.

"ಚಿತ್ರ. ಊರಿಗೆಲ್ಲ ಬುದ್ಧಿ ಹೇಳುವ ಮುಖ. ಎಡಗಿವಿಯ ಮೇಲೆ ನಾಲ್ಕು ಬಿಳಿ ಕೂದಲು. ನಗು ಬಂದರೆ ತುಟಿ ಕಚ್ಚಿ ತಡೆಯುತ್ತಾನೆ, ಎಲ್ಲಿ ಖರ್ಚಾಗಿಬಿಡುತ್ತದೋ ಎಂದು. ಕಣ್ಣ ಕೆಳಗೆ ಕಪ್ಪು. ಸರಿಯಾಗಿ ನಿದ್ದೆ ಮಾಡುವುದಿಲ್ಲ, ಹೇಳಿದರೆ ಕೇಳುವವನೂ ಅಲ್ಲ."

ಭೂಮಿ ಬಾಯಿಬಿಟ್ಟರೆ ಅವಳು ಇಳಿದುಬಿಡುತ್ತಿದ್ದಳು.

ತಾಯಿ ಕೈ ಚಾಚಿ ಮಗನ ಕಿವಿಯ ಬಳಿ ಸವರಿದರು.

"ಬಿಳಿ ಕೂದಲು ಬಂದಿದೆಯೇನೋ ನಿನಗೆ? ನನಗೆ ಹೇಳಲೇ ಇಲ್ಲ."

"ನಾಲ್ಕೇ ಅಮ್ಮ..."

"ನಿಮ್ಮಪ್ಪನೂ ಹೀಗೇ ತುಟಿ ಕಚ್ಚೋರು." ಅವರ ಕಣ್ಣು ತುಂಬಿ ಬಂದಿತ್ತು. "ಎಲ್ಲರೂ ನನಗೆ 'ನಿಮ್ಮ ಮಗ ಚೆನ್ನಾಗಿದ್ದಾನೆ' ಅಂತ ಹೇಳಿ ಮುಗಿಸ್ತಾರೆ. ಆರು ವರ್ಷ ಆದ ಮೇಲೆ ಇವತ್ತು ಇವನ ಮುಖ ನೋಡಿದೆ ನಾನು. ಯಾರಮ್ಮ ನೀನು? ಇಷ್ಟೊಂದು ಕೋಪ ಯಾಕೆ ಇವನ ಮೇಲೆ?"

ಬಿಕ್ಕುತ್ತಲೇ ಅವಳು ಎಲ್ಲ ಹೇಳಿದಳು. ಸಭೆ, ನಗು, ಕಳೆದುಹೋದ ಕೆಲಸ, ನಾಳೆಯ ಸಂಚು, ಎಲ್ಲ.

ತಾಯಿ ಅವಳ ದನಿ ಬಂದ ಕಡೆ ಮುಖ ತಿರುಗಿಸಿದರು.

"ಆ ಸಭೆಗೆ ಮುಂಚೆ ನಾನೂ ಆ ಆಸ್ಪತ್ರೆಗೆ ಹೋಗಿದ್ದೆ ಕಣಮ್ಮ. ಕಣ್ಣು ಉರೀತಿತ್ತು. ಡಾಕ್ಟರ್ ಸಿಗೋ ಸಮಯ ಯಾವುದು ಅಂತ ಕಂಪ್ಯೂಟರನ್ನ ಕೇಳಿದ್ರೆ 'ಚಿತ್ರ' ಅಂತು. ಎಷ್ಟು ಸಲ ಕೇಳಿದ್ರೂ 'ಚಿತ್ರ', ಅಷ್ಟೇ. ಇವನು ಊರಲ್ಲಿರಲಿಲ್ಲ. ಹಾಗೇ ಹೋದೆ. ಬಾಗಿಲು ಹಾಕಿತ್ತು. ವಾಪಸ್ ಬರುವಾಗ ಮೆಟ್ಟಿಲು ತಪ್ಪಿತು. ಎರಡು ತಿಂಗಳು ಹಾಸಿಗೆ ಹಿಡಿದೆ."

ತಾನೊಬ್ಬಳೇ ಗಾಯಗೊಂಡವಳು ಎಂದುಕೊಂಡು ಅವಳು ಇಷ್ಟು ದಿನ ಉರಿದಿದ್ದಳು. ಬಗ್ಗಿ ಆ ತಾಯಿಯ ಎರಡೂ ಕೈ ಹಿಡಿದುಕೊಂಡಳು.

"ನನ್ನದೇ ತಪ್ಪು. ಬೇರೆ ಏನೂ ಹೇಳೋಕೆ ಬರ್ತಿಲ್ಲ."

"ಇನ್ನು ಮೇಲೆ ಬರೀತೀಯ ತಾನೇ?"

"ಒಂದೂ ಬಿಡಲ್ಲಮ್ಮ."

ಅವನು ಗೇಟಿನವರೆಗೆ ಜೊತೆಯಲ್ಲಿ ಬಂದ.

"ಸೇಡು ತೀರಿಸಿಕೊಂಡಿದ್ದು ಮೊದಲು ನಾನು," ಎಂದ. "ನಿಮಗೊಂದು ಫೋನ್ ಮಾಡಿದ್ರೆ ಸಾಕಿತ್ತು. ಕೋಪದಲ್ಲಿ ಮೈಕ್ ಹಿಡಿದೆ. ನೀವು ಎದ್ದು ಹೋಗಿದ್ದನ್ನ ನೋಡಿದ್ದೆ. ಕ್ಷಮೆ ಕೇಳೋಕೆ ಅಂತಲೇ ನಿಮ್ಮ ಮನೆಗೆ ಬಂದಿದ್ದು... ಬಾಯಿ ಬರಲಿಲ್ಲ. ಕೆಲಸ ಕೊಟ್ಟು ಜಾರಿಕೊಂಡೆ."

"ಇನ್ನೂರು ಜನರ ಮುಂದೆ ಅಂದಿದ್ದು ನೀವು. ಹೀಗೆ ಗೇಟಿನ ಹತ್ತಿರ ಕೇಳಿದ್ರೆ ನಾನು ಒಪ್ಪಲ್ಲ."

"ನಾಳೆ ಅದೇ ಮೈಕಲ್ಲಿ, ಅದೇ ಜನರ ಮುಂದೆ ಕೇಳ್ತೀನಿ."

ಅವಳು ತಲೆಯಾಡಿಸಿದಳು. ಇಷ್ಟು ತಿಂಗಳ ಉರಿ ತಣ್ಣಗಾಗುತ್ತಿರುವುದು ಅವಳಿಗೇ ತಿಳಿಯುತ್ತಿತ್ತು.

"ಒಂದು ಕೇಳ್ಲಾ?" ಎಂದಳು. "ಫೋಟೋಗಳನ್ನೆಲ್ಲ ಒಂದೇ ಸಲ ಇಮೇಲ್ ಮಾಡಬಹುದಿತ್ತಲ್ಲ? ದಿನಾ ಯಾಕೆ ಬರ್ತಿದ್ರಿ?"

"ಇಮೇಲ್ ಮಾಡಿದ್ರೆ ನಿಮ್ಮನ್ನ ನೋಡೋಕಾಗಲ್ವಲ್ಲ."

ಅವಳು ಬೇರೆ ಕಡೆ ಮುಖ ತಿರುಗಿಸಿದಳು. "ದ್ವೇಷ ಮಾಡೋಕೆ ಅಂತ ನಿಮ್ಮನ್ನ ನೋಡ್ತಾ ಕೂತೆ. ನೋಡ್ತಾ ನೋಡ್ತಾ... ಪ್ರೀತಿ ಮಾಡಿಬಿಟ್ಟೆ. ಆದ್ರೂ ಕೋಪ ಇನ್ನೂ ಪೂರ್ತಿ ಹೋಗಿಲ್ಲ."

ಅವನು ಅವಳ ಕೈ ಹಿಡಿದುಕೊಂಡ. "ಹೋಗೋಕೆ ಎಷ್ಟು ದಿನ ಬೇಕು?"

"ಗೊತ್ತಿಲ್ಲ. ವರ್ಷಗಟ್ಟಲೆ ಬೇಕಾಗಬಹುದು."

"ನನಗೇನೂ ಅವಸರ ಇಲ್ಲ," ಎಂದ ಅವನು.