ಬೆಳ್ಳಿಯ ಮೇಲೆ ಅರಿಷಿಣ

ಊಟ ಬಲ್ಲವನಿಗೆ ರೋಗವಿಲ್ಲ, ಮಿಮಿಕ್ರಿ ಬಲ್ಲವನಿಗೆ ಮದುವೆಯಿಲ್ಲ. ಗಾದೆ ಹೀಗಿಲ್ಲ ಎನ್ನುವವರು ಸುಜಯನ ಕಥೆ ಕೇಳಬೇಕು. ಇಂಡಿ ತಾಲ್ಲೂಕಿನ ನಿಂಬೆಹಣ್ಣಿನಾಣೆ, ಇದು ನಡೆದದ್ದೇ.

ಸಿಂದಗಿಯ ಕಾಲೇಜೊಂದರ ಲ್ಯಾಬಿನಲ್ಲಿ ಸುಜಯ, ವಸುಧಾ ಇಬ್ಬರೂ ಪಿಎಚ್‌.ಡಿ.ಗೆ ಕುಳಿತವರು. ಗಾಜಿನ ಚೂರಿನ ಮೇಲೆ ಬೆಳ್ಳಿಯ ನ್ಯಾನೊ ಕಣಗಳ ತೆಳುಪದರ ಕೂರಿಸುವುದು ಅವಳ ಕೆಲಸ. ಅದರ ಮೇಲೆ ನಿಂಬೆಸಿಪ್ಪೆ ತೊಳೆದ ಹನಿ ಇಟ್ಟು, ಲೇಸರ್ ಬಿಟ್ಟು, ಉಳಿದ ಕೀಟನಾಶಕ ಹುಡುಕುವುದು ಅವನದು. ಬರಿ ಗಾಜಿನ ಮೇಲೆ ಪಿಸುಗುಟ್ಟುವ ಅಣು, ಬೆಳ್ಳಿಯ ಮೇಲೆ ಕೂತರೆ ಮೈಕ್ ಹಿಡಿದಂತೆ ಮಾತಾಡುತ್ತದೆ.

ಸುಜಯ ಮಾತ್ರ ಪಿಸುಗುಟ್ಟಲೂ ಆರ. ಗೈಡ್ ಧರ್ಮರಾಜ ಸರ್‌ರಿಂದ ಬಸ್ ಕಂಡಕ್ಟರ್‌ವರೆಗೆ ಎಲ್ಲರ ದನಿ ತೆಗೆದು ಅವಳನ್ನು ನಗಿಸಿದ್ದಾನೆ. ತನ್ನ ದನಿಯಲ್ಲಿ ಹೇಳಬೇಕಾದ ಒಂದು ಮಾತು ಮಾತ್ರ ಇನ್ನೂ ಹೊರಬಿದ್ದಿಲ್ಲ. ಅವಳು ಪದರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರಂಚಿನಿಂದ ಅವನನ್ನು ನೋಡುತ್ತಾಳೆ, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು. ಅವನು ಲೆನ್ಸ್ ಒರೆಸುತ್ತಾನೆ.

ಆ ಸೋಮವಾರ ಅವಳು ಅಗರಖೇಡದ ಮನೆಯಿಂದ ಮರಳಿದ್ದಳು. ಹೊಸ ಪದರ ಬಂದರೆ ಮೊದಲು ಖಾಲಿಯಾಗಿಯೇ ಅಳೆಯುವುದು ಅಲ್ಲಿಯ ರೂಢಿ. ಗ್ರಾಫಿನ ಗೆರೆ ಸಪಾಟಾಗಿ ಬರಬೇಕು. ಬರಲಿಲ್ಲ. ಜೋಡಿ ಶಿಖರಗಳೆದ್ದವು. ಅರಿಷಿಣದ್ದೇ ಗುರುತು.

ಇಕ್ಕಳದಿಂದಲೇ ಪದರ ಮುಟ್ಟುವ ಹುಡುಗಿಯ ಕೈಗೆ ಅರಿಷಿಣವೇ? ಊರಿಗೆ ಹೋಗಿದ್ದು ಇದಕ್ಕೇ ಎಂದುಕೊಂಡ ಸುಜಯ. ಮದುವೆ ಗೊತ್ತಾಗಿದೆ, ಅರಿಷಿಣ ಹಚ್ಚಿಯೂ ಆಗಿದೆ. ಸಾರಿನಲ್ಲೂ ಅರಿಷಿಣವಿರುತ್ತದೆಂಬುದು ಆ ಸಂಶೋಧಕನ ತಲೆಗೆ ಹೊಳೆಯಲೇ ಇಲ್ಲ.

"ನಿಮಗ ಅರಿಷಿಣ ಹಚ್ಚ್ಯಾರ, ಹೌದಲ್ರಿ?"

ಅವಳು ತಲೆ ತಗ್ಗಿಸಿದಳು.

"ಛಲೋ ಆತು. ಆದ್ರ ಒಂದ ಮಾತು ಹೇಳಿ ಹೋಗ್ತೇನಿ. ನೀವಂದ್ರ ನನಗ ಜೀವ. ಮಂದಿ ದನಿ ತಗಿಯೂದ್ರಾಗ ನಂದು ಹೇಳೂದ ಉಳಿದ್ಹೋತು."

ಯಾರ ಅನುಕರಣೆಯೂ ಇಲ್ಲದ, ತುಸು ನಡುಗುವ ದನಿ. ಅವಳು ಅದನ್ನು ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಅಡಗಿಮನಿ ಅರಿಷಿಣರಿ ಅದು. ಮುಂಜಾನೆ ನಾನ ಬೇಕಂತ ಕಡ್ಡಿಲೆ ಪದರಕ್ಕ ಮುಟ್ಟಿಸೇನಿ. ಅಣು ಸೈತ ಬಾಯಿ ಬಿಡ್ತಾವ, ನೀವ ಬಿಡವಲ್ರಿ. ಏನ್ ಮಾಡ್ಲಿ? ಖರೇ ಅರಿಷಿಣ ಹಚ್ಚಾಕ ನಿಮ್ಮ ಮನಿಯವರನ್ನ ಯಾವಾಗ ಕಳಸ್ತೀರಿ, ಅದನ್ನ ಹೇಳ್ರಿ."

ಸುಜಯ ಗ್ರಾಫ್ ನೋಡಿದ, ಅವಳನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. ಸದ್ದಿಗೆ ಧರ್ಮರಾಜ ಸರ್ ಓಡಿಬಂದರು, ಏನೆಂದು ತಿಳಿಯದೆ ತಾವೂ ನಕ್ಕರು, ವಸುಧಾ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ಮೂವರಲ್ಲೂ ಜೋರು ನಗೆ ಮೋಸಹೋದವನದೇ.