ವಾಗದರಿಯಲ್ಲಿ ಕಾಣೆಯಾದ ವಿಮಾನ

ಸೊಲ್ಲಾಪುರ ಜಿಲ್ಲೆಯ ಆಕಾಶಕ್ಕೆ ಸಂಬಂಧಿಸಿದ ಅತ್ಯಂತ ಗಂಭೀರ ಸಂಗತಿಯೊಂದನ್ನು ಇಲ್ಲಿ ದಾಖಲಿಸಬೇಕಾಗಿದೆ. ಒಂದೂವರೆ ಕಿಲೋ ತೂಕದ, ನಾಲ್ಕು ರೆಕ್ಕೆಯ ವಿಮಾನವೊಂದು ವಾಗದರಿಯ ಜೋಳದ ಹೊಲದ ಮೇಲೆ ಕಾಣೆಯಾಯಿತು.

ಜನ ಅದನ್ನು ಡ್ರೋನ್ ಎನ್ನುತ್ತಾರೆ.

ಹಾರಿಸಿದವನು ತುಷಾರ. ಒಡತಿ ಸುರಭಿ, ಸೊಲ್ಲಾಪುರದ ನವಿ ಪೇಠದ ಬಟ್ಟೆ ವ್ಯಾಪಾರಿ ಚನ್ನವೀರಪ್ಪನವರ ಮಗಳು, ಅಂಗಡಿಯ ಮಹಡಿಯಲ್ಲಿ ಹೊಲ ಅಳೆಯುವ ಕಚೇರಿ ನಡೆಸುವವಳು.

ಆ ಸಂಜೆ ಅವನು ಬರೀ ರಿಮೋಟ್ ಹಿಡಿದು ಎದುರು ನಿಂತಾಗ ಸುರಭಿ ಬೈಯಬೇಕೆಂದೇ ಎದ್ದಳು. ಅವನ ಅಂಗಿಗೆಲ್ಲ ಜೋಳದ ಒಣ ಎಲೆಯ ರವದಿ ಅಂಟಿತ್ತು...

"ಊಟ ಆತೇನ್ರಿ?" ಎಂದುಬಿಟ್ಟಳು.

"ಹೊಲದ ಮಾಲಕರ ಮಗಳು ಶುಭಾಂಗಿ ಬಿಸಿ ರೊಟ್ಟಿ ಕೊಟ್ರು ರೀ. ಶೇಂಗಾ ಚಟ್ನಿನೂ."

ಶುಭಾಂಗಿ! ತಾನು ತಿನ್ನದ ಚಟ್ನಿಯ ಖಾರ ಸುರಭಿಯ ನೆತ್ತಿಗೇರಿತು.

ಮರುದಿನದಿಂದ ಹುಡುಕಾಟ: ಜೀಪು, ನಾಲ್ಕು ಆಳು, ತುಳಿದ ಬೆಳೆಗೆ ಪರಿಹಾರ. ನಾಲ್ಕನೆಯ ದಿನ ಚನ್ನವೀರಪ್ಪನವರು, ಈ ಖರ್ಚಿನಲ್ಲಿ ಹೊಸದೇ ಬರುತ್ತಿತ್ತು, ಯಾವಾಗ ನಿಲ್ಲಿಸುವುದೆಂದು ನೀನೇ ನಿರ್ಧರಿಸು ಎಂದು ಮಗಳಿಗೆ ಹೇಳಿದರು. ಜೀಪು, ಆಳು ಬೇಡ, ಇನ್ನೊಂದೇ ದಿನ ಒಬ್ಬನೇ ಬಸ್ಸಿಗೆ ಹೋಗಿ ಹುಡುಕುತ್ತೇನೆ ಎಂದು ತುಷಾರ ಬೇಡಿಕೊಂಡ.

ಆ ಒಂದು ದಿನ ಐದಾಯಿತು. ಹಾರಿಸುವವನಿಲ್ಲದೆ ಕಂದಲಗಾಂವದ ಅಳತೆ ಕೆಲಸವೂ ಕೈತಪ್ಪಿತು. ದಿನವೂ ಸಂಜೆ ಅವನು ಬಂದು ಪೂರ್ವಕ್ಕೆ ಎಷ್ಟು, ಪಶ್ಚಿಮಕ್ಕೆ ಎಷ್ಟು ಹುಡುಕಿದೆನೆಂದು ವರದಿ ಒಪ್ಪಿಸುವನು. ಇವಳು ಚಹಾ ಮಾಡಿಕೊಟ್ಟು, ಅಷ್ಟೇನೂ ಮುಖ್ಯವಲ್ಲ ಎಂಬಂತೆ, ಊಟ ಎಲ್ಲಿ ಎಂದು ಕೇಳುವಳು. ಉತ್ತರ ಅದೇ.

'ಬಂದ್ ಮಾಡು ಅಂದ್ರ ಹೊಟ್ಟಿಕಿಚ್ಚು ಅಂತಾನ. ಅನಲಿಲ್ಲಂದ್ರ ನಾಳೆನೂ ಆಕಿ ರೊಟ್ಟಿ ತಿಂತಾನ...'

ಹತ್ತನೆಯ ದಿನ ಸುರಭಿ ತಾನೇ ವಾಗದರಿಗೆ ಹೋದಳು. ಹೊಲ ಬಯಲಾಗಿತ್ತು. ಮೊಲವೊಂದು ಅಡಗಲೂ ಮರೆ ಇರಲಿಲ್ಲ.

"ಜೋಳ ಕಿತ್ತು ಐದು ದಿನ ಆತ್ರಿ ಅಕ್ಕಾ," ಎಂದಳು ಶುಭಾಂಗಿ. "ಸಾಲು ಹಿಡದು ಕಿತ್ತೀವಿ, ಇದ್ರ ಸಿಗತಿತ್ತು. ಅವತ್ತ ನೋಡಿ ಹೋದ ತುಷಾರ ಅವರು ಮತ್ತ ಬಂದೇ ಇಲ್ಲ."

'ಅಕ್ಕಾ' ಎಂದದ್ದು ಸುರಭಿಗೆ ಹಿಡಿಸಲಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಹಾಗಾದರೆ ರೊಟ್ಟಿ ಕೊಡುತ್ತಿರುವವಳು ಯಾರು? ಅಸೂಯೆಗೆ ಈಗ ಹೆಸರೂ ಇಲ್ಲವಾಯಿತು.

ಮರಳುವಾಗ ಅಕ್ಕಲಕೋಟದಲ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಪ್ರಸಾದಕ್ಕೆಂದು ದೇವಸ್ಥಾನದ ಅನ್ನಛತ್ರಕ್ಕೆ ಹೋಗಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳು. ಮುಂದೆ ನಿಂತ ಬೆನ್ನು ಪರಿಚಯದ್ದು.

"ಶುಭಾಂಗಿ ರೊಟ್ಟಿ ಇಲ್ಲೇ ಸಿಗತಾವೇನ್ರಿ?"

ತುಷಾರ ತಿರುಗಿದ. ಹಿಂದಿದ್ದ ಅಜ್ಜಿ "ಪುಢೆ ಚಲಾ" ಎಂದು ಮರಾಠಿಯಲ್ಲಿ ಗದರಿದಾಗ ಒಂದು ಹೆಜ್ಜೆ ಮುಂದೆ ಸರಿದ.

"ಹೊಲಾ ಖಾಲಿ ಅಂತ ಹೇಳಿದ್ರ ಹುಡುಕೋದು ಮುಗೀತಿತ್ತು. ಅದು ಮುಗದ್ರ... ಸಂಜಿಗೆ ನಿಮ್ಮ ಮುಂದ ಕುಂಡರಾಕ ಏನ್ ನೆಪ ಹೇಳ್ಲಿ?"

"ಮತ್ತ ದಿನಾ ಆಕಿ ಹೆಸರು?"

"ಆಕಿ ಹೆಸರು ಹೇಳಿದಾಗಿಂದ ನೀವು ಚಹಾಕ್ಕ ಸಕ್ರಿ ಹಾಕೋದು ಮರತೀರಿ. ನನಗ ಅದೊಂದ ಆಸರ ಇತ್ತು."

ಸುರಭಿ ತಟ್ಟೆಯಿಂದ ಮುಖ ಮರೆಸಿಕೊಂಡಳು.

"ಹುಡುಕೋದು ಇವತ್ತಿಗೆ ಬಂದ್."

ಅವನ ಮುಖ ಬಾಡಿತು.

"ಸಂಜಿಗೆ ಬರ್ರಿ. ವರದಿ ಬ್ಯಾಡ. ಸಕ್ರಿ ಹಾಕತೀನಿ."

ಹತ್ತನೆಯ ದಿನ ಮಧ್ಯಾಹ್ನ ಒಂದಕ್ಕೆ ಶೋಧ ನಿಂತಿತು. ವಿಮಾನ ಸಿಗಲಿಲ್ಲ.